ಟಾರ್ಚು, ಸೂಜಿ ತೂತು ಮತ್ತು ನಮ್ಮೂರ ದವಾಖಾನೆ

ಹೋದ ವರ್ಷ ಸುಗ್ಗಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಕಣ್ಣು ಮುಚ್ಚಿಕೊಂಡೇ ಶಾಲೆಗೆ ಬಂದ. "ಜೋಳದ ರವದಿ ಬಡದೈತ್ರಿ ಸರ್, ದವಾಖಾನ್ಯಾಗ ಹನಿ ಕೊಟ್ಟಾರ್ರಿ" ಅಂದ. "ಹಂಗಾದ್ರ ತಪ್ಪದ ಹಾಕ್ಕೋ" ಅಂದವನು ನಾನೇ. ನಾಲ್ಕೈದು ದಿನದಲ್ಲಿ ಕೆಂಪು ಇಳೀತು, ಮನೆಯವರಿಗೂ ಸಮಾಧಾನ ಆಯ್ತು. ಆಮೇಲೆ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಮಿರಜಿಗೆ ಕರೆದೊಯ್ದಾಗ ಶಿಲೀಂಧ್ರದ ಸೋಂಕು ಅಂದರು. ಕೊಟ್ಟಿದ್ದ ಹನಿಯಲ್ಲಿ ಸ್ಟೀರಾಯ್ಡ್ ಇತ್ತಂತೆ. ಅದು ಕೆಂಪು, ನೋವು ಇಳಿಸುತ್ತದೆ. ಒಳಗೆ ಶಿಲೀಂಧ್ರ ಆರಾಮಾಗಿ ಬೆಳೆಯಲು ದಾರಿಯನ್ನೂ ಮಾಡಿಕೊಡುತ್ತದೆ. ಕಣ್ಣೇನೋ ಉಳೀತು. ಆದರೆ ಆ ಕಣ್ಣಿಂದ ನಾನು ಹಲಗೆ ಮೇಲೆ ಬರೆದದ್ದು ಅವನಿಗೆ ಈಗ ಕಾಣೋದಿಲ್ಲ.

ಆ ಡಾಕ್ಟರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಎಂಬಿಬಿಎಸ್ ಓದುವ ಅಷ್ಟು ವರ್ಷಗಳಲ್ಲಿ ಕಣ್ಣಿನ ವಿಭಾಗಕ್ಕೆ ಸಿಗುವುದು ಕೆಲವೇ ವಾರ. ಅದರಲ್ಲೂ ದೊಡ್ಡಾಸ್ಪತ್ರೆಯ ಮೋತಿಬಿಂದು ಶಸ್ತ್ರಚಿಕಿತ್ಸೆ ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಹಳ್ಳಿಗೆ ಬಂದ ಮೇಲೆ ಅವರ ಮುಂದೆ ಬರುವುದು ರವದಿ, ಸುಣ್ಣ, ತಲೆನೋವು. ಬೇಕಾದದ್ದು ಬೇರೆ, ಕಲಿಸಿದ್ದು ಬೇರೆ.

ಬೇಕಾದದ್ದಾದರೂ ಎಷ್ಟು? ಕಣ್ಣಿನ ದೂರು ಹೇಳಿದ ಪ್ರತಿಯೊಬ್ಬರ ದೃಷ್ಟಿಯನ್ನೂ, ಒಂದೊಂದೇ ಕಣ್ಣು ಮುಚ್ಚಿಸಿ, ಮೊದಲು ಅಳೆಯಬೇಕು. ಜ್ವರಕ್ಕೆ ಥರ್ಮಾಮೀಟರ್ ಇಟ್ಟ ಹಾಗೆ. ಕಡಿಮೆ ಇದ್ದರೆ ಒಂದು ಮಿ.ಮೀ.ಗಿಂತ ಚೂರು ದೊಡ್ಡ ತೂತಿರುವ ಕರೀ ರಟ್ಟಿನ ಮೂಲಕ ಮತ್ತೆ ಓದಿಸಬೇಕು. ಸಣ್ಣ ತೂತಿನಿಂದ ಸಪೂರ ಕಿರಣಪುಂಜ ಮಾತ್ರ ಒಳಹೋಗುವುದರಿಂದ ಅಕ್ಷಿಪಟಲದ ಮೇಲಿನ ಮಸುಕು ಕುಗ್ಗುತ್ತದೆ. ಓದು ಸುಧಾರಿಸಿದರೆ ಹೆಚ್ಚಾಗಿ ಕನ್ನಡಕದ ಸಮಸ್ಯೆ. ಸುಧಾರಿಸದಿದ್ದರೆ ಬೇರೇನೋ ಇದೆ, ತಜ್ಞರ ಬಳಿ ಕಳಿಸಿ. ಇದು ನಾವು ಹತ್ತನೇ ತರಗತಿಗೆ ಹೇಳುವ ಬೆಳಕಿನ ಪಾಠವೇ ಅಲ್ಲವೇ?

ಗೀರು ಪತ್ತೆಗೆ ಫ್ಲೋರೆಸೀನ್ ಕಾಗದದ ಪಟ್ಟಿ, ನೀಲಿ ಬೆಳಕಿನ ಟಾರ್ಚು ಸಾಕು. ಗೀರಿದ ಜಾಗ ಹಸಿರಾಗಿ ಹೊಳೆಯುತ್ತದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರಿಗೇ ಇದನ್ನು ಕಲಿಸಿ, ಗೀರು ಕಂಡವರಿಗೆಲ್ಲ ಕ್ಲೋರಾಂಫೆನಿಕಾಲ್ ಮುಲಾಮು ಹಾಕಿಸಿದರು. 2001ರಲ್ಲಿ ಪ್ರಕಟವಾದ ಆ ವರದಿಯಂತೆ, ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರುವಾದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 24 ಗಂಟೆ ದಾಟಿ ಬಂದ 49 ಜನರಲ್ಲಿ 14 ಮಂದಿಗೆ ಆಯಿತು. ಡಾಕ್ಟರಲ್ಲದವರು ಮಾಡಿದ್ದನ್ನು ಡಾಕ್ಟರು ಮಾಡಲಾರರೇ? ಗೀರಿದ ಕಣ್ಣಿಗೆ ಸ್ಟೀರಾಯ್ಡ್ ಮುಟ್ಟಿಸಬಾರದು ಎಂಬುದು ಅವರ ಮೊದಲ ಪಾಠವಾಗಬೇಕು.

ಸುಣ್ಣದ ಮಾತು. ತಂಬಾಕಿನ ಜೊತೆ ತಿನ್ನುವ ಸುಣ್ಣದ ಪುಡಿಕೆ ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ಮಕ್ಕಳು ಹಿಚುಕುತ್ತಾರೆ, ಸಿಡಿದು ಕಣ್ಣಿಗೆ ಬೀಳುತ್ತದೆ. ಕ್ಷಾರ ಜೀವಕೋಶದ ಪೊರೆಯ ಕೊಬ್ಬನ್ನು ಸಾಬೂನು ಮಾಡುತ್ತಾ ಒಳಗೆ ಇಳಿಯುತ್ತದೆ. ಆಗ ಚೀಟಿ ಬರೆದು ಕಳಿಸುವುದಲ್ಲ, ಅಲ್ಲೇ ರೆಪ್ಪೆ ಮಗುಚಿ, ಕಣ ತೆಗೆದು, ಅರ್ಧ ಗಂಟೆ ನೀರು ಹರಿಸಬೇಕು. ಜತ್‌ನಿಂದ ಮಿರಜಿಗೆ ಹೋಗುವಷ್ಟರಲ್ಲಿ ಕಣ್ಣು ಮುಗಿದಿರುತ್ತದೆ.

ಇನ್ನೊಂದು, ಗಡಿಯವರಾದ ನಮಗಷ್ಟೇ ಹೊಳೆಯುವಂಥದ್ದು. ದವಾಖಾನೆಯ ಗೋಡೆಯ ತಖ್ತೆ ದೇವನಾಗರಿಯದು. ನಮ್ಮ ಒಂದನೇ ತರಗತಿಯ ಮಗು "ಓದಾಕ ಬರಲ್ರಿ" ಅಂದರೆ ಕಣ್ಣಿನ ದೋಷವೋ, ಲಿಪಿಯ ದೋಷವೋ? ಅಕ್ಷರ ಬಾರದ ಅಜ್ಜಿಯ ಕಥೆಯೂ ಅದೇ. 'ಇ' ಆಕಾರದ ತಖ್ತೆ ಇದ್ದರೆ ಬಾಯಿ ಬೇಡ, ಯಾವ ಕಡೆ ತೆರೆದಿದೆ ಎಂದು ಕೈ ತೋರಿಸಿದರೆ ಆಯ್ತು. 6 ಮೀಟರಿಗೆ ಸಾಮಾನ್ಯ ದೃಷ್ಟಿಯ ಆಕಾರ ಸುಮಾರು 8.7 ಮಿ.ಮೀ. ಎತ್ತರ, ನಮ್ಮ ಮಕ್ಕಳೇ ಅಳೆದು ಬರೆದರು. ಒಂದನ್ನು ಶಾಲೆಯ ಪಡಸಾಲೆಗೆ ಅಂಟಿಸಿದೆವು, ಇನ್ನೊಂದನ್ನು ದವಾಖಾನೆಗೆ ಕೊಟ್ಟೆವು. ಈಗ ಹೊಸದಾಗಿ ಬಂದಿರುವ ಡಾಕ್ಟರಮ್ಮ ಅದರ ಜೊತೆ ಸೂಜಿ ತೂತಿನ ರಟ್ಟನ್ನೂ ಕೇಳಿ ಇಸಿದುಕೊಂಡರು.

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಸಂಘದಿಂದ ತಾಲೂಕಿನ ಡಾಕ್ಟರುಗಳನ್ನೂ, ತರಬೇತಿಯಲ್ಲಿರುವ ವೈದ್ಯ ವಿದ್ಯಾರ್ಥಿಗಳನ್ನೂ ಅರ್ಧ ದಿನ ನಮ್ಮ ಪ್ರಯೋಗಾಲಯಕ್ಕೆ ಕರೆಯೋಣ, ಕಣ್ಣಿನ ತಜ್ಞರೊಬ್ಬರು ಜೊತೆಗಿರಲಿ. ರಟ್ಟು, ಸೂಜಿ ನಾನು ತರುತ್ತೇನೆ.