ಹಾಲಿನಂಗಡಿಯ ಊಟ

ಪೋಲೆಂಡಿನಲ್ಲಿ ‘ಬಾರ್ ಮ್ಲೆಚ್ನಿ’ ಎಂಬ ಅಗ್ಗದ ಊಟದ ಮನೆಗಳುಂಟು. ‘ಬಾರ್’ ಎಂದೊಡನೆ ಗೆಳೆಯರು ನಗುವುದು ಬೇಡ. ಹಾಲಿನಂಗಡಿಯೆಂದೇ ಅದರ ಅರ್ಥ. 1896ರಲ್ಲಿ ವಾರ್ಸಾ ನಗರದಲ್ಲಿ ಮೊದಲನೆಯದು ಹುಟ್ಟಿತು. ಬೀಟ್‌ರೂಟಿನ ಸಾರು, ಆಲೂಗಡ್ಡೆ ತುಂಬಿದ ಕಡುಬಿನಂಥ ಪಿಯೆರೋಗಿ ಅಲ್ಲಿ ಸಿಗುತ್ತವೆ. ಮಾಂಸವಿಲ್ಲದ ಅಡಿಗೆಗೆ ಸರಕಾರದ ಸಹಾಯಧನವುಂಟು. 1989ರ ತರುವಾಯ ಎಷ್ಟೋ ಮುಚ್ಚಿಹೋದುವು. ಉಳಿದವುಗಳಲ್ಲಿ ಮುದುಕರೂ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಡವನೆಂಬುದಕ್ಕೆ ರುಜುವಾತನ್ನು ಯಾರೂ ಕೇಳುವುದಿಲ್ಲ.

2017ರಲ್ಲಿ ಆರಂಭವಾದ ನಮ್ಮ ಇಂದಿರಾ ಕ್ಯಾಂಟೀನುಗಳಲ್ಲಿಯೂ ಕೇಳುವುದಿಲ್ಲ. ಆದರೂ ಉಳ್ಳವರು ಅಲ್ಲಿ ಉಣ್ಣಬಾರದೆಂದು ಕೆಲವರ ವಾದ. ನಾನು ಒಪ್ಪಲಾರೆ. ಬಡವರೇ ನಿಂತ ಸಾಲನ್ನು ಸೇರುವಾಗ, ಹಳ್ಳಿಯಿಂದ ಬರಿಹೊಟ್ಟೆಯಲ್ಲಿ ಬಂದು ಬಸ್ಸಿಳಿಯುವ ನನ್ನಂಥವನಿಗೆ ಹಸಿವಿಗಿಂತ ನಾಚಿಕೆಯೇ ದೊಡ್ಡದಾಗುತ್ತದೆ. ಅಧ್ಯಾಪಕರೊಬ್ಬರು ಮುಂದೆ ನಿಂತಿದ್ದರೆ ನಾನೂ ಧೈರ್ಯವಾಗಿ ತಟ್ಟೆ ಹಿಡಿದೇನು.