ಹೆಚ್ಚು ಜನ, ಹೆಚ್ಚು ಗಂಟೆ ಹಾಕಿದರೆ ಪ್ರಾಜೆಕ್ಟ್ ಬೇಗ ಮುಗಿಯುತ್ತದೆಯೇ?

ವಾರಕ್ಕೆ 70 ಗಂಟೆ ದುಡಿದರೆ ಮಾತ್ರ ದೇಶ ಮುಂದೆ ಬರುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಜನರಿಗೆ ಈ ಸಲಹೆ ಕೊಟ್ಟ ಮೇಲೆ ಅದರ ಪರವಾಗಿ, ವಿರೋಧವಾಗಿ ಸಾಕಷ್ಟು ಫಾರ್ವರ್ಡ್‌ಗಳು ಹರಿದಾಡಿವೆ. ಕಚೇರಿಗಳಲ್ಲೂ ಡೆಡ್‌ಲೈನ್ ಹತ್ತಿರ ಬಂದರೆ ಪರಿಹಾರ ಎರಡೇ: ಇನ್ನೂ ನಾಲ್ಕು ಜನರನ್ನು ಹಾಕುವುದು, ಇಲ್ಲವೇ ಭಾನುವಾರವೂ ಕೆಲಸಕ್ಕೆ ಕರೆಯುವುದು. ಇದರಿಂದ ನಿಜವಾಗಿಯೂ ಕೆಲಸ ಬೇಗ ಮುಗಿಯುತ್ತದೆಯೇ? ನೋಡೋಣ.

ನಂಬಿಕೆ 1: ಜನ ಹೆಚ್ಚಾದರೆ ಕೆಲಸ ಬೇಗ ಆಗುತ್ತದೆ

ಕೆಲವು ಕೆಲಸಗಳಲ್ಲಿ ಇದು ನಿಜ. ಅಡಿಕೆ ಸುಲಿಯಲು ಐದು ಜನರ ಬದಲು ಹತ್ತು ಜನ ಕೂತರೆ ಹೆಚ್ಚುಕಡಿಮೆ ಅರ್ಧ ಸಮಯ ಸಾಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು ಕೇಳಬೇಕಿಲ್ಲ. ಆದರೆ ದೋಸೆ ಹಿಟ್ಟು ಹುಳಿ ಬರಲು ಒಂದು ರಾತ್ರಿ ಬೇಕು ಎಂದಾದರೆ, ಅಡುಗೆಮನೆಯಲ್ಲಿ ಹತ್ತು ಜನ ನಿಂತರೂ ಒಂದು ರಾತ್ರಿ ಬೇಕೇ ಬೇಕು.

ಸಾಫ್ಟ್‌ವೇರ್‌ನಂಥ ಕೆಲಸ ಎರಡನೆಯ ಜಾತಿಗೆ ಹತ್ತಿರ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಓಎಸ್/360 ಎಂಬ ದೊಡ್ಡ ಸಾಫ್ಟ್‌ವೇರ್ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್, ಆ ಅನುಭವದ ಮೇಲೆ 1975ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡುಕೊಂಡದ್ದು ಇಷ್ಟು: ಈಗಾಗಲೇ ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಇದನ್ನು ಇಂದಿಗೂ ‘ಬ್ರೂಕ್ಸ್ ನಿಯಮ’ ಎನ್ನುತ್ತಾರೆ.

ಕಾರಣ ಸರಳ. ಹೊಸಬರಿಗೆ ಕೆಲಸ ಕಲಿಸುವವರು ಹಳಬರೇ. ಅಷ್ಟು ಹೊತ್ತು ಅವರ ಕೆಲಸ ನಿಲ್ಲುತ್ತದೆ. ಜೊತೆಗೆ ಮಾತುಕತೆಯ ಹೊರೆಯೂ ಏರುತ್ತದೆ. ಐದು ಜನರ ತಂಡದಲ್ಲಿ ಇಬ್ಬಿಬ್ಬರ ಜೋಡಿಗಳು 10. ಹತ್ತು ಜನರಾದರೆ 45. ಜನ ದುಪ್ಪಟ್ಟಾದರೆ ಮಾತುಕತೆಯ ದಾರಿಗಳು ನಾಲ್ಕು ಪಟ್ಟಿಗೂ ಹೆಚ್ಚು! ಮೀಟಿಂಗ್‌ಗಳು ಯಾಕೆ ಮುಗಿಯುವುದಿಲ್ಲ ಎಂಬುದಕ್ಕೆ ಇದೂ ಒಂದು ಉತ್ತರ.

ನಂಬಿಕೆ 2: ಗಂಟೆ ಹೆಚ್ಚಾದಷ್ಟೂ ಕೆಲಸ ಹೆಚ್ಚು

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು, ವಾರಕ್ಕೆ ಎಷ್ಟು ಗಂಟೆ ದುಡಿದು ಎಷ್ಟು ಮಾಲು ತಯಾರಿಸಿದರು ಎಂಬುದನ್ನು ದಾಖಲಿಸಲಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕ್ಯಾವಲ್ ಆ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 50 ಗಂಟೆಯವರೆಗೆ ಗಂಟೆ ಏರಿದಂತೆ ಉತ್ಪಾದನೆಯೂ ಏರಿತ್ತು. ಆಮೇಲೆ ಏರಿಕೆ ಕುಗ್ಗತೊಡಗಿತು. 70 ಗಂಟೆ ದುಡಿದಾಗಿನ ಉತ್ಪಾದನೆಗೂ 56 ಗಂಟೆ ದುಡಿದಾಗಿನ ಉತ್ಪಾದನೆಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅಂದರೆ ಕೊನೆಯ 14 ಗಂಟೆ ಬಹುಪಾಲು ವ್ಯರ್ಥ. ವಾರದ ರಜೆ ಇಲ್ಲದಿದ್ದಾಗಲೂ ಉತ್ಪಾದನೆಗೆ ಪೆಟ್ಟು ಬಿದ್ದಿತ್ತು.

ಇದು ಕೈಕೆಲಸದ ಲೆಕ್ಕ. ಕಂಪ್ಯೂಟರ್ ಕೆಲಸಕ್ಕೆ ಹಾಗೇ ಅನ್ವಯಿಸಲಾಗದು. ಆದರೆ ದಣಿದ ಮಿದುಳು ತಪ್ಪು ಮಾಡುತ್ತದೆ, ಆ ತಪ್ಪನ್ನು ಸರಿಪಡಿಸಲು ಮತ್ತೆ ಸಮಯ ಬೇಕು ಎಂಬುದು ಅಲ್ಲಿಯೂ ಸತ್ಯ.

ಆರೋಗ್ಯಕ್ಕೆ ಏನಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿ ಅಂದಾಜು ಹೊರತಂದವು. ಅದರ ಪ್ರಕಾರ ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

ಇಲ್ಲೊಂದು ಎಚ್ಚರಿಕೆ. ಶೇ. 35 ಹೆಚ್ಚು ಎಂದರೆ ನೂರರಲ್ಲಿ 35 ಜನರಿಗೆ ಪಾರ್ಶ್ವವಾಯು ಬರುತ್ತದೆ ಎಂದಲ್ಲ. ಉದಾಹರಣೆಗೆ, ಸಾವಿರದಲ್ಲಿ 10 ಜನರಿಗೆ ಬರುವ ಕಡೆ 13ರಿಂದ 14 ಜನರಿಗೆ ಬರಬಹುದು ಎಂದರ್ಥ. ಹೆದರಿಸುವ ಫಾರ್ವರ್ಡ್‌ಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಹಾಗೆಂದು ಇದು ಚಿಕ್ಕ ವಿಷಯವೂ ಅಲ್ಲ.

ಹೊಸ ಪದ್ಧತಿ ಏನು ಹೇಳುತ್ತದೆ?

ಈಗ ಐಟಿ ಕಂಪನಿಗಳಲ್ಲಿ ‘ಅಜೈಲ್’ ಎಂಬ ಪದ ಸಾಮಾನ್ಯ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ್ದ 17 ಸಾಫ್ಟ್‌ವೇರ್ ಪರಿಣತರು ಇದಕ್ಕೊಂದು ಪ್ರಣಾಳಿಕೆ ಬರೆದರು. ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿ, ಆಗಾಗ ಗ್ರಾಹಕರಿಗೆ ತೋರಿಸಿ, ತಪ್ಪಿದ್ದರೆ ಬೇಗ ತಿದ್ದಿಕೊಳ್ಳುವುದು ಇದರ ತಿರುಳು. ಎರಡು ವಾರಕ್ಕೊಂದು ‘ಸ್ಪ್ರಿಂಟ್’, ದಿನಾ ಬೆಳಿಗ್ಗೆ ಹದಿನೈದು ನಿಮಿಷದ ಮಾತುಕತೆ ಎಲ್ಲವೂ ಈ ಬಗೆಯ ಪದ್ಧತಿಗಳಿಂದಲೇ ಬಂದವು.

ಹಲವರು ಮರೆಯುವ ಸಂಗತಿ ಒಂದಿದೆ. ಪ್ರಣಾಳಿಕೆಯ 12 ತತ್ವಗಳಲ್ಲಿ ಒಂದು, ತಂಡ ಎಷ್ಟು ಕಾಲ ಬೇಕಾದರೂ ದಣಿಯದೆ ಮುಂದುವರಿಸಬಲ್ಲ ವೇಗದಲ್ಲಿ ಕೆಲಸ ನಡೆಯಬೇಕು ಎನ್ನುತ್ತದೆ. ಸ್ಪ್ರಿಂಟ್ ಎಂದು ಹೆಸರಿಟ್ಟುಕೊಂಡು ವರ್ಷವಿಡೀ ಓಡಿಸುವುದು ಆ ಪದ್ಧತಿಯಲ್ಲ.

ಹಾಗಾದರೆ ಏನು ಮಾಡಬಹುದು?

ಕೆಲಸ ತಡವಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾವುದನ್ನು ಈಗ ಬಿಡಬಹುದು ಎಂಬುದು. ನಂತರ, ಕೆಲಸ ಎಲ್ಲಿ ಸಿಕ್ಕಿಕೊಂಡಿದೆ? ಒಬ್ಬರ ಒಪ್ಪಿಗೆಗಾಗಿ ಐದು ಜನ ಕಾಯುತ್ತಿದ್ದರೆ, ಆರನೆಯವರನ್ನು ಸೇರಿಸಿದರೆ ಕಾಯುವವರು ಆರಾಗುತ್ತಾರೆ, ಅಷ್ಟೇ. ಒಂದೆರಡು ದಿನ ಹೆಚ್ಚು ಹೊತ್ತು ಕೂತು ಮುಗಿಸುವುದು ತಪ್ಪಲ್ಲ. ಅದೇ ಅಭ್ಯಾಸವಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಮುಂದಿನ ಸಲ 70 ಗಂಟೆಯ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಅಡಿಕೆ ಸುಲಿಯುವ ಕೆಲಸವೋ, ದೋಸೆ ಹಿಟ್ಟಿನ ಕೆಲಸವೋ?