ಕಟ್ಟಿಹಾಕಿದ ಗಿರಾಕಿ

ಜರ್ಮನಿಯ ನಡುಭಾಗದಲ್ಲಿ ಹಾನ್ ಮ್ಯುಂಡೆನ್ ಎಂಬ ಸಣ್ಣ ಊರಿದೆ. ವೆರಾ ಮತ್ತು ಫುಲ್ಡಾ ಎಂಬ ಎರಡು ನದಿಗಳು ಅಲ್ಲಿ ಕೂಡಿ, ವೇಸರ್ ಎಂಬ ಹೆಸರಿನಿಂದ ಉತ್ತರದ ಸಮುದ್ರಕ್ಕೆ ಹರಿಯುತ್ತವೆ. ಈಚೆಗೆ ಆ ಊರು ನೋಡುವ ಯೋಗ ಬಂತು. ಮರದ ಚೌಕಟ್ಟಿನ ಹಳೆಯ ಮನೆಗಳು 700ರಷ್ಟು ಇಂದಿಗೂ ನಿಂತಿವೆ.

ಇಷ್ಟು ಸಣ್ಣ ಊರಿಗೆ ಈ ಸಿರಿ ಬಂದದ್ದು ವ್ಯಾಪಾರದಿಂದ. 1247ರಲ್ಲಿ ಅದಕ್ಕೊಂದು ವಿಶೇಷ ಹಕ್ಕು ದೊರೆಯಿತು. ಅಲ್ಲಿ ಹಾಯ್ದುಹೋಗುವ ಪರಊರ ವ್ಯಾಪಾರಿ ಮಾಲು ಇಳಿಸಿ, ಮೊದಲು ಊರವರಿಗೆ ಮಾರಾಟಕ್ಕಿಡಲೇಬೇಕು. ಉಳಿದದ್ದನ್ನು ಆಮೇಲೆ ಮುಂದಕ್ಕೆ ಒಯ್ಯಬಹುದು. ಸುಮಾರು ಆರು ಶತಮಾನ ಈ ಕಟ್ಟಳೆ ನಡೆಯಿತು.

ಹಕ್ಕಿನ ಜೊತೆಗೆ ಹಟವೂ ಬೆಳೆಯಿತು. 1707ರಲ್ಲಿ ಫ್ರೆಂಚ್ ವಿಜ್ಞಾನಿ ದೆನಿ ಪಾಪೆನ್ ಇಂಗ್ಲೆಂಡಿಗೆ ಹೋಗಬೇಕೆಂದು ಹೊಸ ಬಗೆಯ ಚಕ್ರದ ದೋಣಿಯಲ್ಲಿ ಕಾಸೆಲ್‌ನಿಂದ ಬಂದರು. ಈ ನೀರಿನಲ್ಲಿ ದೋಣಿ ನಡೆಸುವ ಹಕ್ಕು ತಮ್ಮದೆಂದು ಅಂಬಿಗರ ಸಂಘದವರು ಅದನ್ನು ಹಿಡಿದು ಒಡೆದುಹಾಕಿದರು. ಒಂದು ದೋಣಿಯನ್ನೇನೋ ತಡೆದರು, ಕಾಲವನ್ನು ತಡೆಯಲಾಗಲಿಲ್ಲ. 19ನೆಯ ಶತಮಾನದಲ್ಲಿ ಆ ಕಟ್ಟಳೆ ರದ್ದಾಯಿತು, ರೈಲೂ ಬಂತು. ಮಾಲಿಗೆ ಬೇರೆ ದಾರಿಯಾಯಿತು.

ಇಂದು ಅಲ್ಲಿಗೆ ಪ್ರವಾಸಿಗರು ತಾವಾಗಿಯೇ ಬರುತ್ತಾರೆ. ಹಿರಿಯರ ಮನೆಗಳನ್ನು ಊರವರು ಜತನದಿಂದ ಉಳಿಸಿಕೊಂಡಿದ್ದಾರಲ್ಲ, ಅದನ್ನು ನೋಡಲು.

ಗಲ್ಲೆಯ ಮೇಲೆ ಹೊಸದಾಗಿ ಕೂಡುವ ನಮ್ಮ ಮಕ್ಕಳಿಗೆ ಇಷ್ಟೇ ಹೇಳುವುದು. ಬೇರೆ ಅಂಗಡಿಯಿಲ್ಲವೆಂದು ಬರುವ ಗಿರಾಕಿಯನ್ನು ನಮ್ಮವನೆಂದು ತಿಳಿಯಬೇಡಿರಿ. ಎದುರಿಗೆ ಇನ್ನೊಂದು ಅಂಗಡಿ ತೆರೆದ ದಿನವೂ ಯಾರು ನಮ್ಮ ಮೆಟ್ಟಿಲು ಹತ್ತುತ್ತಾರೋ, ಅವರೇ ನಮ್ಮ ಗಿರಾಕಿ. ಅವರನ್ನು ಗಳಿಸಲು ಸರಿಯಾದ ತೂಕ, ಒಂದೇ ಮಾತು ಸಾಕು.